ಅಗಲ ಕಿಟಕಿಯ ಡೈನರ್

ಫೆಬ್ರವರಿ 9, 1937, ಮಂಗಳವಾರ. ಪ್ಯಾಟರ್ಸನ್

ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಬಾಯಿಬಿಟ್ಟು ಹೇಳಿದರೆ ಮನೆಯಲ್ಲಿ ಜಗಳ, ನುಂಗಿಕೊಂಡರೆ ಹೊಟ್ಟೆಯಲ್ಲಿ ಉರಿ. ಅದಕ್ಕೇ ಇಲ್ಲಿ ಇಳಿಸುತ್ತಿದ್ದೇನೆ.

ನನ್ನ ಗಂಡ ನುನ್ಸಿಯೊ ಬಿದ್ದು ಮೂರು ವಾರವಾಯಿತು. ಅರ್ಧ ಕಟ್ಟಿದ ಡೈನರಿನ, ಅಂದರೆ ರಸ್ತೆಬದಿ ಹೋಟೆಲಿನ, ಚಾವಣಿಯ ಮೇಲೆ ನಿಂತು ಕೆಳಗಿದ್ದ ಯಾರನ್ನೋ ಬೈಯುತ್ತಿದ್ದನಂತೆ. ಬೈಯುವ ಭರದಲ್ಲಿ ಹಿಂದಕ್ಕೆ ಹೆಜ್ಜೆ ಇಟ್ಟನಂತೆ. ಸೊಂಟ ಮುರಿದಿದೆ. ಎದೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿ ಮಲಗಿಸಿದ್ದಾರೆ. ಬಾಯಿಗೊಂದು ಹಾಕುವುದನ್ನು ಡಾಕ್ಟರು ಮರೆತರು.

ಇವತ್ತು ಅವನ ಪಾಲುದಾರ ಗೆರಿಟ್ ಬಂದಿದ್ದ. ಡಚ್ಚರವನು, ಮೆತ್ತಗಿನ ಮನುಷ್ಯ. ಹಿಂದೆ ಇಬ್ಬರೂ ಟ್ರಾಮ್ ಶೆಡ್ಡಿನಲ್ಲಿ ರಿಪೇರಿ ಕೆಲಸದಲ್ಲಿದ್ದರು. ಬಸ್ಸು ಬಂದು ಟ್ರಾಮ್ ನಿಂತಾಗ, ಗುಜರಿಗೆ ಹೋಗುತ್ತಿದ್ದ ಒಂದು ಡಬ್ಬಿಯನ್ನು ಎಳೆದು ತಂದು, ಒಳಗೆ ಒಲೆ, ಕೌಂಟರು, ಎತ್ತರದ ಸ್ಟೂಲು ಕೂರಿಸಿ, ರೇಷ್ಮೆ ಗಿರಣಿಯ ಗೇಟಿನೆದುರು ನಿಲ್ಲಿಸಿದರು. ಅದು ಚೆನ್ನಾಗಿ ನಡೆಯಿತು. ಆಮೇಲೆ ಹೊಸದಾಗಿಯೇ ಕಟ್ಟತೊಡಗಿದರು. ನೆಲ, ಗೋಡೆ, ಒಲೆ, ಸ್ಟೂಲು ಸಮೇತ ಇಡೀ ಹೋಟೆಲನ್ನು ಶೆಡ್ಡಿನಲ್ಲೇ ಮುಗಿಸಿ, ಲಾರಿಯ ಮೇಲೇರಿಸಿ, ಗಿರಾಕಿಯ ಜಾಗದಲ್ಲಿ ಇಳಿಸಿ ಬರುವ ಕಸುಬು. ಇಳಿಸಿದ ಮಾರನೇ ಬೆಳಿಗ್ಗೆ ಅವನು ಮೊಟ್ಟೆ ಹುರಿಯಬಹುದು. ನಾಲ್ಕಾರು ಊರಿನ ರಸ್ತೆಬದಿಯಲ್ಲಿ ನಮ್ಮ ಮನೆಹೆಸರಿನ ಕಸ್ಟಾಲ್ಡೊ ಡೈನರುಗಳು ನಿಂತಿವೆ.

ಗೆರಿಟ್ ಅಡುಗೆಮನೆಯಲ್ಲಿ ಕೂತು ಹ್ಯಾಟನ್ನು ತಿರುಗಿಸುತ್ತ ಹೇಳಿದ: "ಒಂದು ದೊಡ್ಡ ಕಂಪನಿ ನಮ್ಮದನ್ನ ಕೊಂಡ್ಕೋತೀವಿ ಅಂತಿದೆ, ಅಸ್ಸುಂತಾ. ಅಚ್ಚು, ನಮೂನೆ, ಶೆಡ್ಡು, ಎಲ್ಲಾ. ನನ್ನನ್ನ ಮೇಸ್ತ್ರಿ ಮಾಡ್ಕೋತಾರಂತೆ. ಅವನಂತೂ ಇನ್ನು ಚಾವಣಿ ಹತ್ತಲ್ಲ. ನನಗೂ ವಯಸ್ಸಾಯ್ತು."

ಒಳಕೋಣೆಯಿಂದ ಗರ್ಜನೆ: "ಕೇಳಿಸ್ತಿದೆ ಕಣೋ! ಮುರಿದಿರೋದು ಸೊಂಟ, ಕಿವಿಯಲ್ಲ!"

ಕೊನೆಗೆ ಹೀಗೆ ತೀರ್ಮಾನವಾಯಿತು. ಶೆಡ್ಡಿನಲ್ಲಿ ನಿಂತಿರುವ ಅರ್ಧ ಡೈನರು ಒಬ್ಬ ಗ್ರೀಕ್ ಹೆಂಗಸಿನದು. ಮೇ ಕೊನೆಯ ಯೋಧರ ಸ್ಮರಣೆಯ ದಿನಕ್ಕೆ ಅದು ಅವಳ ಜಾಗದಲ್ಲಿ ಇರಲೇಬೇಕು. ಆ ರಜೆಯಿಂದಲೇ ರಸ್ತೆಗೆ ಕಾರುಗಳು ಇಳಿಯುವುದು. ಅದು ಮುಗಿಯಲಿ, ಮಾರುವ ಮಾತು ಆಮೇಲೆ. ಗೆರಿಟ್‌ಗೆ ಆಫೀಸು ಗೊತ್ತು, ಕಟ್ಟುವ ಕೆಲಸವೆಲ್ಲ ನುನ್ಸಿಯೊನದು. ದಿನಾ ಇವನ ಮಾತನ್ನು ಅಲ್ಲಿಗೆ, ಅಲ್ಲಿಯ ಮಾತನ್ನು ಇವನಿಗೆ ತಲುಪಿಸಲು ಒಬ್ಬರು ಬೇಕು.

ನಾನೇ ಹೋಗುತ್ತೇನೆ ಅಂದೆ. ಪೋಸ್ಟ್‌ಮನ್ ಕೆಲಸ, ಅಷ್ಟೇ.

ಫೆಬ್ರವರಿ 11, ಗುರುವಾರ

ನುನ್ಸಿಯೊನನ್ನು ನೋಡಿಕೊಳ್ಳಲು ನಾದಿನಿ ಕಾರ್ಮೆಲಾ ಬಂದಿದ್ದಾಳೆ. ಬಂದವಳೇ ಶುರು: "ಗಂಡಸರ ಮಧ್ಯೆ ಹೋಗಿ ನಿಂತ್ಕೋತೀಯಾ ಅತ್ತಿಗೆ? ಹ್ಯಾಟಾದ್ರೂ ಹಾಕ್ಕೊಂಡು ಹೋಗು, ಮರ್ಯಾದಸ್ಥರ ಮನೆಯವಳು ಅಂತ ಗೊತ್ತಾಗ್ಲಿ." ಹಾಕಿಕೊಂಡು ಹೋದೆ.

ಶೆಡ್ಡಿನಲ್ಲಿ ಚಳಿ. ಡೈನರು ಇನ್ನೂ ಬರೀ ಪಕ್ಕೆಲುಬು. ಬಡಗಿಗಳ ಮುಖ್ಯಸ್ಥ ಬಾರ್ತೊಲೊ ಟೋಪಿ ತೆಗೆದು ನಮಸ್ಕರಿಸಿದ. ತಗಡಿನ ಕೆಲಸದ ಸ್ಟಾಶ್, ಪೋಲೆಂಡಿನವನು, ಮೀಸೆಯಡಿಯಲ್ಲೇ ನಕ್ಕ.

"ಏನಮ್ಮಾವ್ರೇ, ಊಟದ ಬುತ್ತಿ ತಂದ್ರಾ?"

"ಇಲ್ಲಪ್ಪ, ಬೈಗುಳ ತಂದಿದೀನಿ. ಯಾರಿಗೆ ಅಂತ ಅವನು ಹೇಳಿಲ್ಲ. ಹಂಚ್ಕೊಳ್ಳಿ."

ಎಲ್ಲರೂ ನಕ್ಕರು. ಆಮೇಲೆ ನುನ್ಸಿಯೊ ಕಲಿಸಿದ್ದನ್ನು ಗಿಣಿಯ ಹಾಗೆ ಒಪ್ಪಿಸಿದೆ: ಎಡಬದಿಯ ಗೋಡೆ ಮೊದಲು, ಚಾವಣಿಯ ತಗಡು ಆಮೇಲೆ. ಬಾರ್ತೊಲೊ ಎರಡು ಪ್ರಶ್ನೆ ಕೇಳಿದ. ಎರಡಕ್ಕೂ "ಅವನನ್ನ ಕೇಳಿ ಹೇಳ್ತೀನಿ" ಅಂದೆ.

ಫೆಬ್ರವರಿ 20, ಶನಿವಾರ

ಕೇಳಿ ಹೇಳುತ್ತೇನೆ, ಕೇಳಿ ಹೇಳುತ್ತೇನೆ. ನನ್ನ ಬಾಯಿಗೇ ಬೇಜಾರು ಬಂತು.

ಮಾರ್ಚ್ 3, ಬುಧವಾರ

ಗಿರಾಕಿ ಬಂದಿದ್ದಳು. ಕಲ್ಲಿಯೋಪಿ ವ್ರೆಟ್ಟೋಸ್. ವಿಧವೆ, ಕಪ್ಪು ಕೋಟು, ರೊಟ್ಟಿ ನಾದಿ ನಾದಿ ದಪ್ಪವಾದ ಮಣಿಕಟ್ಟು. ಗಂಡ ಇದ್ದಾಗ ಗಾಡಿಯಲ್ಲಿ ಸಾಸೇಜು ಮಾರುತ್ತಿದ್ದರಂತೆ. ಈಗ ಪರಾಮಸ್‌ನಲ್ಲಿ, ನಾಲ್ಕನೇ ನಂಬರಿನ ಹೆದ್ದಾರಿಗೆ ತಾಗಿ, ಸೆಲರಿ ಸೊಪ್ಪು ಬೆಳೆಯುವ ಹೊಲಗಳ ನಡುವೆ ಜಾಗ ತೆಗೆದುಕೊಂಡಿದ್ದಾಳೆ.

ಶೆಡ್ಡಿನ ನಡುವೆ ನಿಂತು ಮೇಲೆ ಕೆಳಗೆ ನೋಡಿದಳು. "ಇದು ನನ್ನ ಡೈನರಾ? ಸತ್ತ ತಿಮಿಂಗಿಲದ ಹಾಗಿದೆ."

"ಮೇ ಹೊತ್ತಿಗೆ ಜೀವ ಬರತ್ತೆ," ಅಂದೆ.

ಹೋಗುವ ಮುಂಚೆ ಒಂದು ಮಾತು ಕೇಳಿದಳು. "ಭಾನುವಾರ ನ್ಯೂಯಾರ್ಕಿಂದ ಸೇತುವೆ ದಾಟಿ ಸಂಸಾರ ಸಮೇತ ಕಾರಲ್ಲಿ ಬರ್ತಾರೆ. ಡೈನರ್ ಕಂಡ್ರೆ ಗಂಡ ಇಳೀತಾನೆ. ಹೆಂಡ್ತಿ ಕಾರಲ್ಲೇ ಕೂತಿರ್ತಾಳೆ. ಎಲ್ಲಾ ಕಡೆ ಇದನ್ನೇ ನೋಡಿದೀನಿ. ಯಾಕೆ ಹೇಳಿ?"

ಮನೆಗೆ ಬಂದು ನುನ್ಸಿಯೊನನ್ನು ಕೇಳಿದೆ. "ಕಾರಲ್ಲಿ ಕೂರೋದು ಅವರಿಗಿಷ್ಟ," ಅಂದ.

ಮಾರ್ಚ್ 7, ಭಾನುವಾರ

ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವಾಗ ಕಲ್ಲಿಯೋಪಿ ತನ್ನ ಲಾರಿಯಲ್ಲಿ ಕಾಯುತ್ತಿದ್ದಳು. "ಬನ್ನಿ, ಹೋಗಿ ನೋಡೋಣ" ಅಂದಳು. ಹ್ಯಾಕೆನ್‌ಸ್ಯಾಕಿನಲ್ಲಿ ನಮ್ಮವರೇ ಕಟ್ಟಿದ ಡೈನರ್ ಇದೆ. ಅಲ್ಲಿಗೆ ಹೋದೆವು.

ಎದುರಿಗೆ ಒಂದು ಕಾರು. ಒಳಗೊಬ್ಬ ಹೆಂಗಸು, ಮಡಿಲಲ್ಲಿ ಮಗು, ಕಿಟಕಿಯ ಗಾಜೆಲ್ಲ ಉಸಿರಿಗೆ ಮಂಜು. ಗಂಡ ಒಳಗಿನಿಂದ ತಟ್ಟೆಯಲ್ಲಿ ಪೈ, ಕಾಫಿ ತಂದುಕೊಟ್ಟು ಮತ್ತೆ ಒಳಗೆ ಹೋದ. ನಾನು ಗಾಜು ತಟ್ಟಿದೆ.

"ಬೇಜಾರು ಮಾಡ್ಕೋಬೇಡಿ ತಾಯಿ. ಒಳಗೆ ಬೆಚ್ಚಗಿದೆ, ಯಾಕೆ ಹೋಗಲಿಲ್ಲ?"

ನನ್ನನ್ನು ಹುಚ್ಚಿ ಅಂದುಕೊಂಡಳೋ ಏನೋ. ಆದರೂ ಹೇಳಿದಳು. "ಒಳಗೆ ಯಾರ್ಯಾರು ಕೂತಿದಾರೆ ಅಂತ ಹೊರಗಿಂದ ಕಾಣಲ್ಲ. ಬಾಗಿಲು ತೆಗೆದ್ರೆ ಎಲ್ಲಾ ತಲೆಗಳೂ ಒಟ್ಟಿಗೇ ತಿರುಗ್ತವೆ. ಆ ಎತ್ತರದ ಸ್ಟೂಲು ಮಗು ಎತ್ಕೊಂಡು ಹೇಗೆ ಹತ್ತಲಿ? ಹತ್ತಿದ್ರೂ, ಮಗು ಒದ್ದೆ ಮಾಡ್ಕೊಂಡ್ರೆ ಎಲ್ಲಿಗೆ ಹೋಗ್ಲಿ?"

ನಾನು ಒಳಗೆ ಹೋದೆ. ಎಲ್ಲಾ ತಲೆಗಳೂ ಒಟ್ಟಿಗೇ ತಿರುಗಿದವು. ಕಿಟಕಿಗಳು ಸಣ್ಣವು, ಮೇಲಿನವು, ಜೈಲಿನ ಹಾಗೆ. ಇಷ್ಟು ವರ್ಷ ಡೈನರ್ ಕಟ್ಟಿದವನ ಮನೆಯವಳು ನಾನು. ಒಂದರಲ್ಲೂ ಕೂತು ಒಂದು ಲೋಟ ಕಾಫಿ ಕುಡಿದಿರಲಿಲ್ಲ. ಇವತ್ತು ನಿಂತುಕೊಂಡೇ ಕುಡಿದು ಬಂದೆ.

ಮಾರ್ಚ್ 8, ಸೋಮವಾರ

ನುನ್ಸಿಯೊಗೆ ಎಲ್ಲಾ ಹೇಳಿದೆ. ಒಂದು ತುದಿಗೆ ಎದುರುಬದುರು ಬೆಂಚು, ನಡುವೆ ಮೇಜು. ಹೆಂಗಸರಿಗೆ ಬೇರೆ ಕೈತೊಳೆಯುವ ಕೋಣೆ. ರಸ್ತೆಯ ಬದಿಗೆ ದೊಡ್ಡ ದೊಡ್ಡ ಕಿಟಕಿ, ಕೂತವರ ಮಡಿಲಿನವರೆಗೂ ಕಾಣುವ ಹಾಗೆ.

"ಬೆಂಚು ಹಾಕು. ಕೋಣೆ ಮಾಡು. ಕಿಟಕಿ ಆಗಲ್ಲ."

"ಯಾಕೆ?"

"ಕಿಟಕಿ ಅಂದ್ರೆ ತೂತು ಕಣೇ. ಗೋಡೆಗೆ ಯಾರಾದ್ರೂ ಅಷ್ಟು ತೂತು ಮಾಡ್ತಾರಾ? ಅಲ್ಲದೆ ಲಾರಿ ಡ್ರೈವರ್‌ಗಳೇನು ಗಾಜಿನ ಪೆಟ್ಟಿಗೇಲಿ ಇಟ್ಟ ಕೇಕಾ, ದಾರೀಲಿ ಹೋಗೋರೆಲ್ಲ ನೋಡೋಕೆ?"

ಕಾರ್ಮೆಲಾ ನಕ್ಕಳು. ನಾನು ಪಾತ್ರೆ ತೊಳೆದೆ. ಜೋರಾಗಿಯೇ ತೊಳೆದೆ.

ಮಾರ್ಚ್ 13, ಶನಿವಾರ

ಬಾರ್ತೊಲೊಗೆ ಸೀಮೆಸುಣ್ಣದಲ್ಲಿ ತೋರಿಸಿದೆ: ಇಲ್ಲಿಂದ ಇಲ್ಲಿಗೆ ಒಂದು ಗಾಜು, ಇಲ್ಲಿಂದ ಇಲ್ಲಿಗೆ ಇನ್ನೊಂದು.

"ನಡುವಿನ ಕಂಬಗಳು ಹೋಗ್ತವೆ ಅಮ್ಮಾವ್ರೇ. ನುನ್ಸಿಯೊ ಒಪ್ಪಿದ್ರಾ?"

"ಬೆಂಚಿಗೆ ಒಪ್ಪಿದಾನೆ."

"ಕಿಟಕಿಗೆ?"

"ಕಿಟಕಿ ನಾನು ಹೇಳ್ತಿದೀನಿ."

ಅವನು ಗೆರಿಟ್‌ನ ಕಡೆ ನೋಡಿದ. ಗೆರಿಟ್ ಆಫೀಸಿನ ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡ. ಬಾರ್ತೊಲೊ ಗರಗಸ ತೆಗೆದುಕೊಂಡ.

ಮಾರ್ಚ್ 19, ಶುಕ್ರವಾರ. ಸಂತ ಜೋಸೆಫರ ಹಬ್ಬ

ಹಬ್ಬದ ಸಿಹಿ, ಸಕ್ಕರೆ ಉದುರಿಸಿದ ಜೆಪ್ಪೊಲೆ ಕರಿದು ಒಂದು ಬುಟ್ಟಿ ಶೆಡ್ಡಿಗೂ ಒಯ್ದೆ. ಸ್ಟಾಶ್‌ನ ಮೀಸೆ ಬೆಳ್ಳಗಾಯಿತು. "ಈಗ ನೋಡಿ, ನಾನೂ ಮರ್ಯಾದಸ್ಥ ಮುದುಕ" ಅಂದ. ಮನೆಯಲ್ಲಿ ನುನ್ಸಿಯೊ ಕೇಳಿದ, "ಆ ಬದಿ ಗೋಡೆ ಎಲ್ಲಿಗೆ ಬಂತು?"

"ಚೆನ್ನಾಗಿದೆ," ಅಂದೆ. ಚೆನ್ನಾಗಿಯೇ ಇದೆ.

ಮಾರ್ಚ್ 30, ಮಂಗಳವಾರ

ಈಸ್ಟರ್ ಮುಗಿಯಿತು. ಗಾಜು ಬಂತು, ಕೂರಿಸಿದರು. ಶೆಡ್ಡಿನ ಬಾಗಿಲಿಂದ ಬಂದ ಮಧ್ಯಾಹ್ನದ ಬಿಸಿಲು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯ ಕೌಂಟರಿನವರೆಗೂ ಹೋಯಿತು. ಬಾರ್ತೊಲೊ ಒಳಗೆ ಕೂತು ಹೊರಗೆ ನೋಡಿದ, ನಾನು ಹೊರಗೆ ನಿಂತು ಒಳಗೆ ನೋಡಿದೆ. ಅವನು ತಿನ್ನುತ್ತಿದ್ದ ಮೆಣಸಿನಕಾಯಿ ಮೊಟ್ಟೆಯ ಬ್ರೆಡ್ಡು ಕೂಡ ಸ್ಪಷ್ಟವಾಗಿ ಕಂಡಿತು. ಕೆಳಗಿನ ಗೋಡೆಗೆ ಕಡುಗೆಂಪು ಎನಾಮೆಲ್ ಫಲಕ ಬಡಿಯಲು ಸ್ಟಾಶ್‌ಗೆ ಹೇಳಿದೆ.

ಕಾರ್ಮೆಲಾ: "ಏನತ್ತಿಗೆ, ಹಾಡ್ತಾ ಬರ್ತಿದೀಯ. ಮನೇಲಿ ಗಂಡ ಮಲಗಿದಾನೆ ಅಂತ ನೆನಪಿದೆ ತಾನೇ?" ನಾನು ಹಾಡುತ್ತಿರಲಿಲ್ಲ.

ಏಪ್ರಿಲ್ 15, ಗುರುವಾರ

ಪ್ಲಾಸ್ಟರ್ ತೆಗೆದರು. ನುನ್ಸಿಯೊನ ಕಾಲು ನೋಡಿದೆ. ಕೋಳಿಯ ಕಾಲಿನಷ್ಟಾಗಿವೆ. ಕೋಲು ಹಿಡಿದು ಮನೆಯೊಳಗೆ ನಡೆದಾನು, ಏಣಿ, ಚಾವಣಿ ಅಂತೂ ಇಲ್ಲ, ಅಂದರು ಡಾಕ್ಟರು. ಕಾರ್ಮೆಲಾ ಅತ್ತಳು. "ಅವಳನ್ನ ಆಚೆ ಕಳಿಸು, ಹೆಣ ಇಟ್ಕೊಂಡೋರ ಥರ ಆಡ್ತಾಳೆ" ಅಂದ ನುನ್ಸಿಯೊ.

ಎಸ್ಕರೋಲ್ ಸೊಪ್ಪು ಬೀನ್ಸು ಹಾಕಿ ಸಾರು ಮಾಡಿದೆ. ಎರಡು ಚಮಚ ತಿಂದ. ಶೆಡ್ಡಿನ ವಿಷಯ ಅವನಾಗಿ ಕೇಳಲಿಲ್ಲ. ನಾನೇ ಹೇಳುತ್ತ ಹೋದೆ, ಅವನು ಗೋಡೆ ನೋಡುತ್ತಿದ್ದ.

ಏಪ್ರಿಲ್ 22, ಗುರುವಾರ

ಇವತ್ತು ಬರೆಯಲು ಮನಸ್ಸಿಲ್ಲ. ಬರೆಯುತ್ತೇನೆ.

ಲಾರಿಗೆ ಏರಿಸುವ ಮುಂಚೆ ಒಮ್ಮೆ ಜಾಕ್ ಕೊಟ್ಟು ಎತ್ತಿ ನೋಡುವುದು ವಾಡಿಕೆ. ನಾಲ್ಕು ಮೂಲೆಗೂ ಜಾಕ್ ಇಟ್ಟು ತಿರುಗಿಸಿದರು. ನೆಲ ಬಿಟ್ಟು ಒಂದು ಗೇಣು ಎದ್ದಿತೋ ಇಲ್ಲವೋ, ಒಳಗೆಲ್ಲೋ ಮರ ನರಳಿದ ಸದ್ದು. ನೋಡನೋಡುತ್ತಿದ್ದಂತೆ ಕಿಟಕಿಯ ಬದಿ ನಡುವಿನಲ್ಲಿ ಕುಸಿಯಿತು, ನೆನೆದ ರಟ್ಟಿನ ಹಾಗೆ. ಎನಾಮೆಲ್ ಫಲಕಗಳು ಪಟಪಟ ಸಿಡಿದು ಉದುರಿದವು. ಒಂದು ಗಾಜು ಮೂಲೆಯಿಂದ ಮೂಲೆಗೆ ಸೀಳಿತು.

ಬಾರ್ತೊಲೊ ಟೋಪಿ ತೆಗೆದ.

ಗೆರಿಟ್ ಪಕ್ಕಕ್ಕೆ ಬಂದು ನಿಂತ. "ಸಾಕು ಅಸ್ಸುಂತಾ. ನಿನ್ನ ತಪ್ಪು ಅಂತ ನಾನು ಹೇಳಲ್ಲ. ಆದ್ರೆ ಸಾಕು. ನಾಳೆ ಆ ಕಂಪನಿಯವರಿಗೆ ಫೋನ್ ಮಾಡ್ತೀನಿ."

"ಮಾಡಬೇಡ," ಅಂದೆ. "ಜಾಕ್ ಇಳಿಸಿ. ಚೂರೆಲ್ಲ ಗುಡಿಸಿ. ಯಾರ ಕಾಲಿಗಾದ್ರೂ ಚುಚ್ಚೀತು."

ಏಪ್ರಿಲ್ 23, ಶುಕ್ರವಾರ

ನುನ್ಸಿಯೊಗೆ ಹೇಳಿದೆ. ಬಾಗಿಲು ಮುಚ್ಚಿ, ಕಾರ್ಮೆಲಾಳನ್ನು ಮಾರ್ಕೆಟ್ಟಿಗೆ ಕಳಿಸಿ ಹೇಳಿದೆ.

"ಕಂಬ ತೆಗೆದ್ಯಾ?"

"ತೆಗೆದೆ."

"ಎಷ್ಟು?"

"ಆ ಬದೀದೆಲ್ಲ."

ಲೋಟ ಗೋಡೆಗೆ ಹೋಯಿತು. ಬಿದ್ದಮೇಲೆ ಅವನ ದನಿ ಅಷ್ಟು ಜೋರಾಗಿ ಕೇಳಿರಲಿಲ್ಲ. ನನ್ನ ತವರಿನವರನ್ನೂ ಬಿಡಲಿಲ್ಲ. ನಾನು ಲೋಟದ ಚೂರು ಆಯ್ದು ಮುಗಿಸುವವರೆಗೂ ಬೈದ. ಆಮೇಲೆ ಏದುಸಿರು ಬಿಡುತ್ತ: "ಕಂಬ ವಾಪಸ್ ಹಾಕು. ಕಿಟಕಿ ಮುಚ್ಚು."

"ಮುಚ್ಚಲ್ಲ."

"ಹಾಗಾದ್ರೆ ಮಾರ್ಬಿಡು, ಗೆರಿಟ್ ಹೇಳಿದ ಹಾಗೆ."

"ಮಾರೋದೂ ಇಲ್ಲ."

"ಮತ್ತೇನ್ ಮಾಡ್ತೀಯೇ ಮಹರಾಯ್ತಿ?"

"ನಿನ್ನ ಕೇಳ್ತಿದೀನಿ. ಕಂಬ ಇಲ್ದೆ ಅದನ್ನ ನಿಲ್ಲಿಸೋದು ಹೇಗೆ?"

"ಆಗಲ್ಲ."

ನನಗೂ ರೇಗಿತು. "ಟ್ರಾಮಿಗೆ ಕಿಟಕಿ ಇರಲಿಲ್ವಾ? ಈ ತುದಿಯಿಂದ ಆ ತುದೀಗೆ ಬರೀ ಕಿಟಕೀನೇ ಇತ್ತು. ಐವತ್ತು ಜನ ಹತ್ತಿ ಕುಣಿದ್ರೂ ಬೀಳ್ತಿರಲಿಲ್ಲ. ಅದು ಹೇಗೆ ನಿಂತಿತ್ತು ಹೇಳು. ಅರ್ಧ ಆಯುಷ್ಯ ಅದರ ಹೊಟ್ಟೆ ಅಡಿ ಮಲಗಿ ಕಳೆದವನು ನೀನೇ ತಾನೇ?"

ಅವನು ಚಾವಣಿ ನೋಡುತ್ತ ಮಲಗಿಬಿಟ್ಟ. ಸಾರು ಬಿಸಿ ಮಾಡಿ ತಂದಾಗ ಕೇಳಿದ: "ಕಿಟಕಿ ಕೆಳಗೆ ನೆಲದವರೆಗೆ ಎಷ್ಟು ಜಾಗ ಇದೆ?"

ಎರಡೂ ಕೈ ಅಗಲಿಸಿ ತೋರಿಸಿದೆ. ಮೂರು ಚಮಚ ತಿಂದು, "ನನ್ನ ಅಲ್ಲಿಗೆ ಕರ್ಕೊಂಡು ಹೋಗು" ಅಂದ.

ಏಪ್ರಿಲ್ 26, ಸೋಮವಾರ

ಬಾರ್ತೊಲೊ, ಸ್ಟಾಶ್ ಬಂದು ಅಡುಗೆಮನೆಯ ಕುರ್ಚಿಯ ಸಮೇತ ಅವನನ್ನು ಎತ್ತಿ ಲಾರಿಯ ಹಿಂಭಾಗದಲ್ಲಿಟ್ಟರು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಸ್ಟಾಶ್ ಕೂಗಿದ: "ಪೋಪ್ ಬರ್ತಿದಾರೆ, ಮೊಣಕಾಲೂರಿ!" ನುನ್ಸಿಯೊ ಅವನಿಗೆ ಕೊಟ್ಟ ಆಶೀರ್ವಾದವನ್ನು ಇಲ್ಲಿ ಬರೆಯಲಾರೆ.

ಶೆಡ್ಡಿನಲ್ಲಿ ಡೈನರಿನ ಎದುರು ಕೂರಿಸಿದೆವು. ಚಳಿಗಾಲದಿಂದ ಈಚೆಗೆ ಅವನು ಅದನ್ನು ನೋಡಿರಲಿಲ್ಲ. ಕುಸಿದ ಸೊಂಟದ ಡೈನರು, ಎದುರಿಗೆ ಅವನು. ಬಹಳ ಹೊತ್ತು ನೋಡಿದ. ಅಳುತ್ತಾನೇನೋ ಅಂದುಕೊಂಡೆ.

"ಆ ಕಿಟಕಿಯ ಎಡಮೂಲೆ ಸೊಟ್ಟ ಇದೆ," ಅಂದ.

"ಅದು ಕುಸಿಯೋಕೆ ಮುಂಚೆ ನೆಟ್ಟಗಿತ್ತು," ಬಾರ್ತೊಲೊ ಅಂದ.

"ಮುಂಚೇನೂ ಸೊಟ್ಟ ಇತ್ತು. ನಿನ್ನ ಕೈ ನನಗೆ ಗೊತ್ತಿಲ್ವೇನೋ?"

ನುನ್ಸಿಯೊ ಕುರ್ಚಿಯಿಂದಲೇ ಬಗ್ಗಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ. ಟ್ರಾಮಿನ ಬಲ ಇದ್ದದ್ದು ಕಂಬದಲ್ಲಲ್ಲವಂತೆ, ಕಿಟಕಿಯ ಕೆಳಗೆ ಉದ್ದಕ್ಕೂ ಹಾಯ್ದ ಉಕ್ಕಿನ ತೊಲೆಯಲ್ಲಂತೆ. ಹಾಗೇ ಇಲ್ಲಿ ಕಿಟಕಿಯ ಕೆಳಗೆ ತುದಿಯಿಂದ ತುದಿಗೆ ಒಂದು ಉಕ್ಕಿನ ಹಲಗೆ, ಅದಕ್ಕೆ ಓರೆಯಾಗಿ ಪಟ್ಟಿಗಳು. ಮೇಲುಗಡೆ ಇನ್ನೊಂದು ಪಟ್ಟಿ. ಒಳಗಿನಿಂದ ಬೆಂಚಿನ ಬೆನ್ನು ಅದನ್ನು ಮುಚ್ಚುತ್ತದೆ.

"ಅಷ್ಟು ಉಕ್ಕು ಎಲ್ಲಿಂದ ತರೋದು?" ಗೆರಿಟ್ ಕೇಳಿದ.

"ಶೆಡ್ಡಿನ ಹಿತ್ತಲಲ್ಲಿ ಆಗ ನೀವು ತಂದ ಹಳೇ ಟ್ರಾಮುಗಳು ತುಕ್ಕು ಹಿಡೀತಾ ಬಿದ್ದಿವೆ," ನಾನಂದೆ. "ಅವುಗಳ ತೊಲೇನೇ ಬಿಚ್ಚೋಣ."

ನುನ್ಸಿಯೊ ನನ್ನ ಕಡೆ ನೋಡಿದ. ಅವನಿಗೆ ಬೆವರಿಳಿಯುತ್ತಿತ್ತು, ನೋವು ಶುರುವಾಗಿತ್ತು. ಮನೆಗೆ ಹೊರಟೆವು. ಲಾರಿಯ ಹಿಂದೆ ಕುರ್ಚಿ ಹಿಡಿದುಕೊಂಡು ನಾನೂ ಕೂತೆ.

"ನನ್ನ ಕೇಳದೆ ತೆಗೆದ್ಯಲ್ಲ."

"ಹೂಂ."

"ಇನ್ಮೇಲೆ ಏನಾದ್ರೂ ತೆಗೆಯೋ ಮುಂಚೆ, ಬದಲಿಗೆ ಏನು ಹಾಕ್ಬೇಕು ಅಂತ ಕೇಳು."

"ತೆಗೀಬೇಡ ಅಂತ ಹೇಳಲ್ವಾ?"

"ಹೇಳಿದ್ರೆ ಕೇಳ್ತೀಯಾ?"

ಮೇ 5, ಬುಧವಾರ

ತೊಲೆ ಬಿಚ್ಚುವುದು, ತುಕ್ಕು ಕೆರೆಯುವುದು, ರಿವೆಟ್ ಮೊಳೆ ಹೊಡೆಯುವುದು. ಆಳು ಸಾಲದೆ ನಾನೂ ಒಳಬದಿಯಿಂದ ಮೊಳೆಯ ಬೆನ್ನಿಗೆ ಕಬ್ಬಿಣದ ದಂಡ ಒತ್ತಿ ಹಿಡಿದೆ. ಸ್ಟಾಶ್ ಹೊರಗಿನಿಂದ ಹೊಡೆದಂತೆಲ್ಲ ಹಲ್ಲು ಅಲುಗುತ್ತದೆ. ಕೈ ಊದಿದೆ. ಕಾರ್ಮೆಲಾ "ಹ್ಯಾಟ್ ಎಲ್ಲಿ?" ಅಂತ ಕೇಳಿದಳು. ಎಲ್ಲೋ ಇರಬೇಕು.

ಮೇ 11, ಮಂಗಳವಾರ

ಒಡೆದ ಫಲಕಕ್ಕೆ ಬದಲಿ ಬಂದ ಕೆಂಪು, ಹಳೆಯ ಕೆಂಪಿಗೆ ಹೊಂದಲಿಲ್ಲ. ಆ ಬದಿಯ ಕೆಳಗಿನ ಸಾಲು ಪೂರ್ತಿ ಕೆನೆಬಣ್ಣ ಮಾಡಿ ಅಂದೆ. ಸ್ಟಾಶ್ ಮುಖ ಸಿಂಡರಿಸಿದ. "ಆಸ್ಪತ್ರೆ ಥರ ಕಾಣತ್ತೆ."

"ಆಸ್ಪತ್ರೆ ಚೊಕ್ಕಟ ಇರತ್ತಲ್ಲ? ಒಳ್ಳೇದೇ ಆಯ್ತು. ಬಡಿ."

ಬಡಿದ. ಸಂಜೆ ದೂರ ನಿಂತು ನೋಡಿ, "ಪರವಾಗಿಲ್ಲ, ಶ್ರೀಮಂತರ ಆಸ್ಪತ್ರೆ" ಅಂದ. ನುನ್ಸಿಯೊಗೆ ಬಣ್ಣದ ವಿಷಯ ಹೇಳಲು ಮರೆತೇಹೋಯಿತು.

ಮೇ 20, ಗುರುವಾರ

ಎತ್ತಿದೆವು. ನಿಂತಿತು.

ಮೇ 27, ಗುರುವಾರ

ಬೆಳಕು ಹರಿಯುವ ಮುಂಚೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದು ಡೈನರನ್ನು ಹೊರಗೆಳೆದರು. ಮುಂದೆ ಮೋಟಾರ್ ಸೈಕಲ್ಲಿನ ಪೊಲೀಸ್, ಹಿಂದೆ ಲಾರಿ, ಲಾರಿಯ ಮೇಲೆ ನಮ್ಮ ಡೈನರು ರಸ್ತೆಯ ತುಂಬ. ನಾನು ಡ್ರೈವರಿನ ಪಕ್ಕ ಕೂತಿದ್ದೆ. ತಂತಿ ಬಂದಲ್ಲಿ ಬಾರ್ತೊಲೊ ಉದ್ದನೆಯ ಕೋಲಿನಿಂದ ಎತ್ತಿ ಹಿಡಿದ. ಮರದ ಕೊಂಬೆ ಬಂದಲ್ಲಿ ಕಡಿದ. ಒಂದು ತಿರುವಿನಲ್ಲಿ ಲಾರಿ ಪಕ್ಕಕ್ಕೆ ವಾಲಿತು. ನಾನು ಕಣ್ಣು ಮುಚ್ಚಲಿಲ್ಲ, ತಲೆ ಹೊರಹಾಕಿ ಕಿಟಕಿಯ ಸಾಲನ್ನೇ ನೋಡುತ್ತಿದ್ದೆ. ಕೂದಲೆಳೆಯಷ್ಟೂ ಬಾಗಲಿಲ್ಲ.

ಪರಾಮಸ್‌ನಲ್ಲಿ ಸೆಲರಿ ಸಸಿ ನೆಡುತ್ತಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿ ನಿಂತರು. ಕಲ್ಲಿಯೋಪಿಯ ಇಟ್ಟಿಗೆಯ ಪಾಯದ ಮೇಲೆ ಇಂಚಿಂಚೇ ಜಾರಿಸಿ ಕೂರಿಸುವ ಹೊತ್ತಿಗೆ ಮಧ್ಯಾಹ್ನವಾಯಿತು. ಅವಳು ಎಲ್ಲರಿಗಿಂತ ಮೊದಲು ಹತ್ತಿ, ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು, ಎರಡೂ ಕೈ ಮೇಜಿನ ಮೇಲಿಟ್ಟು ರಸ್ತೆ ನೋಡಿದಳು.

"ಕಾಲು ನೆಲಕ್ಕೆ ತಾಗ್ತಿದೆ," ಅಂದಳು. ಅಷ್ಟು ಹೇಳಿ ಮೂಗು ಒರೆಸಿಕೊಂಡು ಒಲೆ ಹಚ್ಚಲು ಎದ್ದಳು.

ಮೇ 30, ಭಾನುವಾರ. ಯೋಧರ ಸ್ಮರಣೆಯ ದಿನ

ಎಲ್ಲರೂ ಹೋಗಿದ್ದೆವು. ನುನ್ಸಿಯೊನನ್ನು ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಬೆಳಗಿನಿಂದ ಕಾರುಗಳೇ ಕಾರುಗಳು. ಗಂಡಸರು ಬಂದರು, ಸ್ಟೂಲುಗಳು ತುಂಬಿದವು. ಬೆಂಚುಗಳು ಖಾಲಿ. ಒಂದು ಕಾರಿನಲ್ಲಿ ಇಬ್ಬರು ಹೆಂಗಸರು ನಿಧಾನ ಮಾಡಿ ನೋಡಿದರು, ಹೊರಟುಹೋದರು. ಗೆರಿಟ್ ನನ್ನ ಕಡೆ ನೋಡದೆ ಕಾಫಿ ಕುಡಿಯುತ್ತಿದ್ದ.

ಹೊರಗೆ ಹೋಗಿ ರಸ್ತೆಯಲ್ಲಿ ನಿಂತು ಒಳಗೆ ನೋಡಿದೆ. ಕಿಟಕಿಯಲ್ಲಿ ಖಾಲಿ ಮೇಜು, ಅದರ ಹಿಂದೆ ಗಂಡಸರ ಬೆನ್ನುಗಳ ಸಾಲು. ವಾಪಸ್ ಓಡಿ ಬಂದು ಕಾರ್ಮೆಲಾಳ ಕೈ ಹಿಡಿದೆ. "ಬಾ, ಇಲ್ಲಿ ಕೂತ್ಕೋ. ಗಾಜಿನ ಪಕ್ಕ."

"ನಾನ್ಯಾಕೆ?"

"ತಿನ್ನೋಕೆ."

ಕಲ್ಲಿಯೋಪಿಗೆ ತಕ್ಷಣ ಅರ್ಥವಾಯಿತು. ಚೆರ್ರಿ ಪೈ ತಂದಿಟ್ಟಳು. ನಮ್ಮಿಬ್ಬರ ಎದುರಿಗೆ, ಪಕ್ಕದ ಹೊಲದವನ ಹೆಂಡತಿಯನ್ನೂ ಅವಳ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದು ಕೂರಿಸಿದಳು. ಕಾರ್ಮೆಲಾ ಮೊದಲ ತುಂಡನ್ನು ನಾಚಿಕೊಂಡು ತಿಂದಳು, ಎರಡನೆಯದನ್ನು ಕಷ್ಟಪಟ್ಟು, ಮೂರನೆಯದನ್ನು ತಾನೇ ಕೇಳಿ ತರಿಸಿಕೊಂಡು.

ನೀಲಿ ಕಾರೊಂದು ನಿಂತಿತು. ತಾಯಿ, ಅತ್ತೆ, ಮೂರು ಮಕ್ಕಳು. ಆ ತಾಯಿ ಗಾಜಿನಾಚೆಯಿಂದ ನಮ್ಮನ್ನು ನೋಡಿದಳು, ಬೆಂಚು ನೋಡಿದಳು, ಗಂಡನಿಗೆ ಏನೋ ಹೇಳಿದಳು. ಇಳಿದಳು. ಆಮೇಲೆ ಇನ್ನೊಂದು ಕಾರು. ಸಂಜೆಯ ಹೊತ್ತಿಗೆ ನಮಗೇ ಕೂರಲು ಜಾಗವಿಲ್ಲದೆ ಎದ್ದು ಪಾತ್ರೆ ತೊಳೆಯಲು ನಿಂತೆವು.

"ಅತ್ತಿಗೆ, ಆಕೆ ನನ್ನ ಹ್ಯಾಟ್ ನೋಡೇ ಒಳಗೆ ಬಂದಿದ್ದು," ಅಂತ ದಾರಿಯುದ್ದಕ್ಕೂ ಕಾರ್ಮೆಲಾ. ನುನ್ಸಿಯೊ ಇಡೀ ದಿನ ಜನರನ್ನು ನೋಡಲಿಲ್ಲ, ಗೋಡೆಯನ್ನೇ ನೋಡಿದ. "ಅಲ್ಲಾಡಲಿಲ್ಲ," ಅಂದ. "ಆದ್ರೆ ಆ ಕೆನೆಬಣ್ಣ ಯಾರು ಹೇಳಿದ್ದು?"

ಜೂನ್ 14, ಸೋಮವಾರ

ಗೆರಿಟ್ ಹೊರಟ. ದೊಡ್ಡ ಕಂಪನಿಯವರಿಗೆ ಅವನೊಬ್ಬನೇ ಸಾಕಂತೆ, ಅಚ್ಚು ನಮೂನೆಗಳನ್ನು ನಾನು ಕೊಡುವುದಿಲ್ಲ ಅಂದಮೇಲೆ ಹೆಚ್ಚು ಒತ್ತಾಯಿಸಲಿಲ್ಲ. ಆಫೀಸಿನ ಬೀಗದಕೈಯನ್ನು ಮೇಜಿನ ಮೇಲಿಟ್ಟ. ಇಷ್ಟು ವರ್ಷದ ಒಡನಾಟ.

"ನನಗೆ ನಿನ್ನಷ್ಟು ಹಟ ಇಲ್ಲ ಅಸ್ಸುಂತಾ. ತಿಂಗಳ ಕೊನೆಗೆ ಯಾರೋ ಕೈಗೆ ಸಂಬಳ ಇಟ್ರೆ ಸಾಕು ಅನ್ನಿಸಿದೆ. ನಿನಗೆ ಹೆದರಿಕೆ ಆಗಲ್ವಾ?"

"ಆಗತ್ತೆ," ಅಂದೆ. "ಹೋಗೋ ಮುಂಚೆ ಗಾಜಿನವನ ವಿಳಾಸ ಹೇಳು. ಅವನು ಕಳಿಸಿದ ಗಾಜಲ್ಲಿ ಗುಳ್ಳೆ ಇತ್ತು."

ಬಾಗಿಲವರೆಗೆ ಬಿಟ್ಟು ಬಂದೆ. ಅವನಿಗೆ ಒಳ್ಳೆಯದಾಗಲಿ.

ಜೂನ್ 24, ಗುರುವಾರ

ನುನ್ಸಿಯೊನ ಮೇಲೆ ಕೆಟ್ಟ ಸಿಟ್ಟು ಬಂದಿದೆ.

ಪೆನ್ಸಿಲ್ವೇನಿಯಾದಿಂದ ಒಬ್ಬ ಬಂದಿದ್ದ. ಗಣಿ ಊರಿನವನು. ಪರಾಮಸ್‌ನಲ್ಲಿ ಕಲ್ಲಿಯೋಪಿಯ ಡೈನರಿನಲ್ಲಿ ಹೆಂಡತಿಯ ಜೊತೆ ಊಟ ಮಾಡಿದನಂತೆ, ಅಂಥದೇ ಬೇಕಂತೆ. ವಿಳಾಸ ಕೇಳಿಕೊಂಡು ನೇರವಾಗಿ ಮನೆಗೇ ಬಂದಿದ್ದಾನೆ. ನುನ್ಸಿಯೊ ಎದುರಿಗೇ ಕೂತಿದ್ದಾನೆ, ಕಿಟಕಿಯ ಪಕ್ಕ ಮೇಜು ಹಾಕಿಕೊಂಡು, ನಕ್ಷೆ ಬರೆಯುತ್ತ. ಈಗೀಗ ಬೆಳಗಿನಿಂದ ಸಂಜೆಯವರೆಗೂ ಅದೇ.

"ಕಸ್ಟಾಲ್ಡೊ ಕಾರ್ಖಾನೆ ಯಜಮಾನ್ರು ನೀವೇನಾ?" ಕೇಳಿದನಂತೆ ಬಂದವನು.

"ಅಲ್ಲಪ್ಪ, ನಾನು ನಕ್ಷೆ ಬರೆಯೋನು. ಯಜಮಾನ್ರು ಕಾರ್ಖಾನೇಲಿದಾರೆ. ಅಲ್ಲಿಗೆ ಹೋಗಿ."

ಇದನ್ನು ಕಾರ್ಮೆಲಾ ಹೇಳಿದಳು, ನಗುತ್ತ. ಪಾಪ, ಆ ಮನುಷ್ಯ ಈ ಬಿಸಿಲಿನಲ್ಲಿ ಊರ ಆ ತುದಿಗೆ ನಡೆದು ಬಂದ. ನಾನು ಹೊಸ ಚೌಕಟ್ಟಿನ ಕೆಳಗೆ ಮಲಗಿ ರಿವೆಟ್ ತಟ್ಟಿ ನೋಡುತ್ತಿದ್ದೆ. ಬಾರ್ತೊಲೊ ನನ್ನ ಕಾಲು ತೋರಿಸಿ "ಅಗೋ ಅಲ್ಲಿ" ಅಂದ. ಮುಖಕ್ಕೆಲ್ಲ ಗ್ರೀಸ್ ಮೆತ್ತಿಕೊಂಡು ಹೊರಬಂದೆ. ಅವನು ಹ್ಯಾಟ್ ತೆಗೆದ. ಮಾತು ಮುಗಿಯುವ ಹೊತ್ತಿಗೆ ಎರಡು ಡೈನರ್ ಕೇಳಿದ್ದ.

ಸಂಜೆ ಬಂದು ನುನ್ಸಿಯೊನನ್ನು ತರಾಟೆಗೆ ತೆಗೆದುಕೊಂಡೆ. "ನೀನೇ ಎರಡು ಮಾತಾಡಿ ಮುಗಿಸಬಹುದಿತ್ತಲ್ಲ? ಬಂದವನನ್ನ ಸುಮ್ನೆ ಬಿಸಿಲಲ್ಲಿ ಓಡಿಸಿದೆ. ನನಗೂ ಕೆಲಸ ಕೆಟ್ಟಿತು."

ಅವನು ತಲೆ ಎತ್ತಲಿಲ್ಲ. "ಅವನಿಗೆ ಬಾಗಿಲು ಯಾವ ಕಡೆ ಬೇಕಂತೆ?" ಅಂದ, ಪೆನ್ಸಿಲ್ ಚೂಪು ಮಾಡುತ್ತ.

ಹೇಳಿದೆ. ಬರೆದುಕೊಂಡ. ಬರೀ ಸೋಮಾರಿತನ, ಬೇರೇನಲ್ಲ. ಮನೆಯಲ್ಲಿ ಆರಾಮಾಗಿ ಕೂತು ಬಂದವರನ್ನೆಲ್ಲ ನನ್ನ ಮೇಲೆ ಅಟ್ಟುತ್ತಾನೆ. ಇನ್ನೂ ಬೈಯಬೇಕೆಂದಿದ್ದೆ, ಆದರೆ ಉಕ್ಕಿನ ಲಾರಿ ಬೆಳಿಗ್ಗೆ ಬೇಗ ಬರುತ್ತದೆ, ಶೆಡ್ಡಿನ ಬಾಗಿಲು ನಾನೇ ತೆಗೆಯಬೇಕು.